ಕಮಲಾಪುರದ ಬಾವಿಯ ತೊಲೆಗಲ್ಲು

ಬೇಸಿಗೆ ರಜೆ ಶುರುವಾದ ಮರುದಿನ ಶಾಲೆಯ ಮುಖ್ಯ ಮಾಸ್ತರರು ಹನ್ನೊಂದು ಹುಡುಗರನ್ನು ಸಾಲಾಗಿ ನಡೆಸಿಕೊಂಡು ಬಂದು ಗುಮ್ಮಟದ ಬಾಗಿಲಲ್ಲಿ ನಿಲ್ಲಿಸಿದರು. "ಕೈತುಂಬ ಕೆಲಸ ಕೊಡ್ರಿ ಇವರಿಗೆ. ಬರೇ ನೋಡಿ ಹೋಗೋದು ಬ್ಯಾಡ, ಕಲ್ಲು ಮುಟ್ಟಲಿ, ತೊಳೀಲಿ, ಅಳೀಲಿ" ಎಂದು ಹೇಳಿ ಹೊರಟುಹೋದರು. ಹುಡುಗರು ನನ್ನನ್ನು ನೋಡಿದರು. ನಾನು ಹುಡುಗರನ್ನು ನೋಡಿದೆ. ಎಲ್ಲರೂ ಹದಿಮೂರರಿಂದ ಹದಿನಾರರ ಒಳಗಿನವರು.

ಆಗ ನಾನು ನಿಜಾಮ ಸರ್ಕಾರದ ಹಳೆಯ ಕಟ್ಟಡಗಳ ಕಚೇರಿಯಲ್ಲಿ ನಕ್ಷೆ ಬರೆಯುವವನಾಗಿದ್ದೆ. ಗುಡಿ, ಗುಮ್ಮಟ, ಬಾವಿಗಳನ್ನು ಅಳೆದು ಕಾಗದದ ಮೇಲೆ ಇಳಿಸುವುದು ನನ್ನ ಕೆಲಸ, ನಾನು ಎಂದೂ ಪಾಠ ಹೇಳಿದವನಲ್ಲ. ಕಲಬುರಗಿ ಊರಂಚಿನಲ್ಲಿ ಯಾರದೆಂದು ಯಾರಿಗೂ ನೆನಪಿಲ್ಲದ ಒಂದು ಗುಮ್ಮಟವಿತ್ತು. ಅದರೊಳಗೆ ಹೊಲಗಳಿಂದ, ಬಿದ್ದ ಗುಡಿಗಳಿಂದ ತಂದ ವೀರಗಲ್ಲು, ಮೂರ್ತಿ, ಶಾಸನಗಳನ್ನು ಕೂಡಿಹಾಕಿ ಸರ್ಕಾರ ಅದನ್ನು ಅಜಾಯಬಖಾನಾ, ಅಂದರೆ ವಸ್ತುಸಂಗ್ರಹಾಲಯ, ಮಾಡಿತ್ತು. ನೋಡಲು ಬರುವವರು ಕಡಿಮೆ. ಹುಡುಗರನ್ನು ರಜೆಯಲ್ಲಿ ಅಲ್ಲಿಗೆ ಕರೆತರುವ ಯೋಚನೆ ನಮ್ಮ ಮೇಲಧಿಕಾರಿಗಳದು. ಹೈದರಾಬಾದಿನ ಕಡೆಯವರು, ನಾವೆಲ್ಲ ಸಾಹೇಬರೆನ್ನುತ್ತಿದ್ದೆವು. ಕಲ್ಲೆಂದರೆ ಅವರಿಗೆ ಜೀವ. ರಜೆಯ ಕೊನೆಗೆ ರಾಜಧಾನಿಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ಪ್ರತಿ ರಜೆಯಲ್ಲೂ ಈ ತರಗತಿ ನಡೆಯುತ್ತದೆ, ಅದರ ಉಸ್ತುವಾರಿ ನನ್ನದಾಗುತ್ತದೆ ಎಂದು ಸಾಹೇಬರು ಹೇಳಿದ್ದರು. ಆ ಮಾತು ನನ್ನ ತಲೆಯಲ್ಲಿ ಕುಳಿತಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಮೊದಲ ವಾರ ಶಾಸನದ ಪಡಿಯಚ್ಚು ತೆಗೆಯುವುದನ್ನು ಕಲಿಸಿದೆ. ತೆಂಗಿನ ನಾರಿನಿಂದ ಕಲ್ಲನ್ನು ತಿಕ್ಕಿ ತೊಳೆಯಬೇಕು. ಅಕ್ಷರದ ಗೆರೆಯೊಳಗಿನ ಮಣ್ಣನ್ನು ಬಿದಿರಿನ ಕಡ್ಡಿಯಿಂದ ತೆಗೆಯಬೇಕು, ಕಬ್ಬಿಣ ತಾಗಿಸಬಾರದು. ತೆಳು ಕಾಗದವನ್ನು ನೀರಲ್ಲಿ ಅದ್ದಿ ಕಲ್ಲಿನ ಮೇಲೆ ಹಾಸಿ, ಗಾಳಿಗುಳ್ಳೆ ಉಳಿಯದಂತೆ ಕೂದಲ ಬ್ರಶ್ಶಿನಿಂದ ಬಡಿಯಬೇಕು. ಬಡಿದಾಗ ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ. ಅರ್ಧ ಆರಿದ ಮೇಲೆ ಕಾಡಿಗೆ ಮಸಿಯನ್ನು ಬಟ್ಟೆಯ ಉಂಡೆಗೆ ಹಚ್ಚಿ ಮೇಲೆ ಮೇಲೆ ತಟ್ಟಬೇಕು. ಕಲ್ಲಿನ ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಹೇಳುವುದು ಸುಲಭ. ಹುಡುಗರು ಜೋರಾಗಿ ಬಡಿದು ಕಾಗದ ಹರಿದರು, ಮೆಲ್ಲಗೆ ಬಡಿದರೆ ಅಕ್ಷರವೇ ಮೂಡಲಿಲ್ಲ. ಮಸಿ ಹೆಚ್ಚಾಗಿ ಇಡೀ ಹಾಳೆ ಕಾಗೆಯ ರೆಕ್ಕೆಯಂತಾಯಿತು. ನಾಲ್ಕು ದಿನದಲ್ಲಿ ತಿಂಗಳ ಕಾಗದ ಮುಗಿದು ಮತ್ತೆ ತರಿಸಬೇಕಾಯಿತು.

ಐದನೆಯ ದಿನ ಒಬ್ಬ ಹುಡುಗನ ಹಾಳೆ ಮಾತ್ರ ಸ್ವಚ್ಛವಾಗಿ ಎದ್ದು ಬಂತು. ಕಮಲಾಪುರದವನು, ಮಾತು ಕಡಿಮೆ. ಬ್ರಶ್ಶು ಕೆಳಗಿಟ್ಟು ಅಂಗೈಯಿಂದಲೇ ಬಡಿದಿದ್ದ.

"ಎಲ್ಲಿ ಕಲ್ತಿಯೋ ಇದನ್ನ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. ಪಕ್ಕದಲ್ಲಿದ್ದ ಕಿರಾಣಿ ಅಂಗಡಿಯವರ ಹುಡುಗ ನಕ್ಕು, "ಇವ ದಿನಾ ರೊಟ್ಟಿ ಬಡೀತಾನ್ರೀ ಮಾಸ್ತರ. ಖೋಲ್ಯಾಗ ತಾನs ಅಡಗಿ ಮಾಡ್ಕೋತಾನ. ಅವ್ವ ಇಲ್ಲ ಇವಗ" ಎಂದ.

ಉಳಿದವರೂ ನಕ್ಕರು. ನಾನು ಬ್ರಶ್ಶುಗಳನ್ನು ಮೂಲೆಗಿಟ್ಟು, ಎಲ್ಲರಿಗೂ ರೊಟ್ಟಿ ಬಡಿಯುವಂತೆ ಬಡಿಯಲು ಹೇಳಿದೆ. ಆ ಹುಡುಗನೇ ಒಬ್ಬೊಬ್ಬರ ಮಣಿಕಟ್ಟು ಹಿಡಿದು ತೋರಿಸಿದ. ಅಂದಿನಿಂದ ಯಾರೂ ನಗಲಿಲ್ಲ.

ಎಲ್ಲರೂ ಶಾಲೆಯಲ್ಲಿ ಉರ್ದುವಿನಲ್ಲಿ ಓದುವವರು, ಮನೆಯಲ್ಲಿ ಕನ್ನಡವೋ ಮರಾಠಿಯೋ ಆಡುವವರು. ಕಲ್ಲಿನ ಮೇಲಿರುವುದು ಹಳೆಯ ಕನ್ನಡ ಅಕ್ಷರ ಎಂದು ಹೇಳಿ, ಒಂದು 'ರ', ಒಂದು 'ಮ' ತೋರಿಸಿದಾಗ ಅವರ ಮುಖ ನೋಡುವಂತಿತ್ತು. ಅವತ್ತೇ ಕಮಲಾಪುರದ ಹುಡುಗ ಹಿಂದುಳಿದು, ಹೇಳಲೋ ಬೇಡವೋ ಎಂಬಂತೆ ನಿಂತ.

"ಮಾಸ್ತರ, ಇಂಥಾ ಅಕ್ಷರ ನಮ್ಮ ತ್ವಾಟದ ಬಾಂವ್ಯಾಗ ಅದಾವ್ರೀ. ಮೆಟ್ಟಲ ಇಳದು ಹೋದ್ರ ಬಾಗಿಲದಂಗ ಅದ, ಅದರ ಮ್ಯಾಲಿನ ಕಲ್ಲಿನ್ಯಾಗ."

ಮುಂದಿನ ವಾರ ಬೆಳಗಾಗುವ ಮೊದಲೇ ಎರಡು ಬಂಡಿ ಕಟ್ಟಿಕೊಂಡು ಹೊರಟೆವು. ಮಹಾಗಾಂವದಲ್ಲಿ ಎತ್ತಿಗೆ ನೀರು ಕುಡಿಸಿ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಮಲಾಪುರ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ತುಸು ಇಳಿದಿತ್ತು. ಹುಡುಗನ ಅಪ್ಪ ತೋಟದಲ್ಲೇ ಇದ್ದ. ಕೆಂಪು ಬಾಳೆಯ ಎರಡು ತಾಕು, ಅಂಚಿಗೆ ಚೌಕನೆಯ ಹಳೆಯ ಕಲ್ಲುಬಾವಿ. ಒಂದು ಬದಿಯಲ್ಲಿ ಇಪ್ಪತ್ತೆರಡು ಮೆಟ್ಟಿಲು ಇಳಿದು, ಕೊನೆಗೆ ಒಂದು ಕಲ್ಲಿನ ಬಾಗಿಲು ದಾಟಿದರೆ ನೀರು. ಆ ಬಾಗಿಲಿನ ಮೇಲೆ ಅಡ್ಡಲಾಗಿ ಕೂತಿತ್ತು ಶಾಸನ. ಏಳಡಿ ಉದ್ದದ ಕರಿಕಲ್ಲು, ಹದಿನಾಲ್ಕು ಸಾಲು, ಒಂದು ಅಕ್ಷರವೂ ಒಡೆದಿರಲಿಲ್ಲ. ಕಂಡದ್ದೇ ತಡ, ಅಳತೆಯ ಪಟ್ಟಿ ಬಿಚ್ಚಿದೆ.

ಎರಡು ದಿನ ಅಲ್ಲೇ ಉಳಿದೆವು. ಹುಡುಗರು ಪಡಿಯಚ್ಚು ತೆಗೆದರು. ನಾನು ಬಾವಿಯನ್ನು ಅಡ್ಡ ಕೊಯ್ದು ತೋರಿಸುವ ನಕ್ಷೆ ಬರೆದೆ. ಅಳತೆಯ ಪಟ್ಟಿಯ ಒಂದು ತುದಿ ಆ ಹುಡುಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ತೊಲೆಗಲ್ಲಿನ ಮೇಲೆ ಆರು ವರಸೆ ಕಲ್ಲು, ಅದರ ಮೇಲೆ ತೋಟದ ಮಣ್ಣು. ನಕ್ಷೆಯ ಅಂಚಿನಲ್ಲಿ ನನ್ನ ಅಕ್ಷರದಲ್ಲೇ ಬರೆದೆ: "ಮೇಲಿನ ಗೋಡೆಯ ಪೂರ್ತಿ ಭಾರ ಈ ಕಲ್ಲಿನ ಮೇಲಿದೆ." ಬರೆಯುವುದು ರೂಢಿ, ಬರೆದೆ.

ಹುಡುಗನ ಅಪ್ಪ ಗೊನೆಯಿಂದ ಹಣ್ಣು ಮುರಿದು ಎಲ್ಲರಿಗೂ ಕೊಟ್ಟ. ಮಗ ಕರಿ ಹಾಳೆಯ ಮೇಲಿನ ಬಿಳಿ ಅಕ್ಷರವನ್ನು ಬೆರಳಿಟ್ಟು ಓದಲು ಹೆಣಗುವುದನ್ನು ನಿಂತು ನೋಡಿದ. "ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಇದರ ತಳಗs ತಿರಗ್ಯಾಡ್ಯಾರ್ರೀ. ಒಬ್ಬರೂ ತಲಿ ಎತ್ತಿ ಓದಲಿಲ್ಲ" ಎಂದ.

ಕಲಬುರಗಿಯ ಪಂಡಿತರೊಬ್ಬರು ಪಡಿಯಚ್ಚು ಓದಿಕೊಟ್ಟರು. ಯಾರೋ ಒಬ್ಬ ದಂಡನಾಯಕ ಬಾವಿ ಕಟ್ಟಿಸಿದ್ದು, ವರ್ಷಕ್ಕೊಮ್ಮೆ ಅದರ ಹೂಳು ತೆಗೆಸಲಿಕ್ಕೆ ಇಷ್ಟು ಭೂಮಿ ಬಿಟ್ಟದ್ದು, ಅಷ್ಟೇ. ಸಾಹೇಬರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾಲು ಸಾಲಾಗಿ ನೋಡಿದರು. ಆಮೇಲೆ, "ಕಲ್ಲು ಇಲ್ಲಿಗೆ ಬರಬೇಕು" ಎಂದರು.

"ಹುಜೂರ್, ಅದು ಬಾಗಿಲಿನ ತೊಲೆ" ಎಂದೆ.

"ಬೇರೆ ತೊಲೆ ಹಾಕಿಸು. ಅಲ್ಲೇ ಬಿಟ್ಟರೆ ಹತ್ತು ವರ್ಷದಲ್ಲಿ ಯಾರಾದರೂ ಅದರ ಮೇಲೆ ಕತ್ತಿ ಮಸೆಯುತ್ತಾರೆ. ಎಷ್ಟು ಶಾಸನ ಬಟ್ಟೆ ಒಗೆಯುವ ಕಲ್ಲಾದದ್ದನ್ನು ನಾನು ನೋಡಿಲ್ಲ? ತಪಾಸಣೆಗೆ ಮೊದಲು ತಂದರೆ, ಹುಡುಗರು ಕಂಡುಹಿಡಿದ ಕಲ್ಲು ಎಂದು ಗುಮ್ಮಟದ ನಡುವೆ ನಿಲ್ಲಿಸೋಣ. ಹೇಗೆ ತೆಗೆಯಬೇಕೆಂಬುದು ನಿನಗೆ ಬಿಟ್ಟದ್ದು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಂಥ ಕಲ್ಲುಗಳನ್ನು ನಾನೂ ನೋಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಕಲ್ಲು ಗುಮ್ಮಟದ ನಡುವೆ ನಿಂತದ್ದನ್ನು ನಾನು ಆಗಲೇ ಮನಸ್ಸಿನಲ್ಲಿ ಕಂಡಿದ್ದೆ.

ಮತ್ತೆ ಕಮಲಾಪುರಕ್ಕೆ ಹೋದಾಗ ತಪಾಸಣೆಗೆ ಎಂಟು ದಿನವಿತ್ತು. ಜೊತೆಗೆ ಒಡ್ಡರ ಮೇಸ್ತ್ರಿ, ಅವನ ಆರು ಆಳು, ಹುಡುಗರಲ್ಲಿ ಐವರು. ಮೇಸ್ತ್ರಿ ಮೆಟ್ಟಿಲಿಳಿದು ತೊಲೆಯನ್ನು ಸುತ್ತಿಗೆಯ ಹಿಡಿಕೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಮೇಲೆ ಬಂದು ಹೇಳಿದ:

"ಮೊದಲ ಬ್ಯಾರೆ ಕಲ್ಲಿನ ತೊಲಿ ಕಡಿಸಿ ತರೂಣ್ರೀ. ಅದನ್ನ ಕೂಡಿಸೇ ಇದನ್ನ ಎಳೀಬೇಕು. ಹನ್ನೆರಡು ದಿನ ಹಿಡಿತದ."

"ಹನ್ನೆರಡು ದಿನ ಎಲ್ಲಿ ಅದಾವು? ಕಟ್ಟಿಗಿ ತೊಲಿ ಹಾಕಿ ತೆಗಿ. ಕಲ್ಲಿಂದು ಆಮ್ಯಾಲ ಕೂಡಿಸೂಣು."

"ಕಟ್ಟಿಗಿ ಅಂದ್ರ ಜಾಲಿಗಿಡದ್ದು ಸಿಗ್ತದ, ಅದೂ ಹಸೀದು. ಒಣಗಿದಂಗ ಸೀಳ್ತದ್ರೀ."

"ಹದಿನೈದು ದಿನದ ಮಾತು ಮೇಸ್ತ್ರಿ. ಹದಿನೈದು ದಿನ ತಡಿಯಂಗಿಲ್ಲೇನು?"

ಅವನು ಸುತ್ತಿಗೆಯನ್ನು ಹೆಗಲಿಗೇರಿಸಿದ. "ನೀವು ಹೇಳಿದ್ರ ಮಾಡ್ತೀನ್ರೀ" ಎಂದ.

ಹುಡುಗನ ಅಪ್ಪ ದೂರದಲ್ಲಿ ನಿಂತಿದ್ದವನು ಹತ್ತಿರ ಬಂದ. ಸರ್ಕಾರದವರ ಮಾತಿಗೆ ಎದುರಾಡುವ ಪೈಕಿಯವನಲ್ಲ. ಆದರೂ ಕೇಳಿದ: "ಬಾಂವಿಗೇನೂ ಆಗಂಗಿಲ್ಲಲ್ರೀ ಮಾಸ್ತರ?"

ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು, "ಏನೂ ಆಗಂಗಿಲ್ಲ. ಇದಕ್ಕಿಂತ ಗಟ್ಟಿ ತೊಲಿ ಹಾಕಿಸಿ ಕೊಡ್ತೀವಿ" ಎಂದೆ.

"ಹಂಗಾರ ಒಯ್ರಿ. ನನ್ನ ಮಗ ತೋರ್ಸಿದ ಕಲ್ಲು, ಕಲಬುರ್ಗ್ಯಾಗ ನಾಕು ಮಂದಿ ನೋಡ್ಲಿ."

ಮೂರು ದಿನ ಹಿಡಿಯಿತು. ಬಾಗಿಲಿನ ಎರಡೂ ಬದಿಗೆ ಜಾಲಿಯ ಕಂಬ ನೆಟ್ಟು ಬೆಣೆ ಬಡಿದರು. ತೊಲೆಗಲ್ಲಿನ ತುದಿಗಳ ಸುತ್ತ ಗಾರೆ ಕೆತ್ತಿ ಬಿಡಿಸಿ, ಅಂಗುಲ ಅಂಗುಲವಾಗಿ ಹಾರೆಯಿಂದ ಮುಂದಕ್ಕೆ ಸರಿಸಿದರು. ಅದು ಸರಿದಷ್ಟು ಹಿಂದಿನಿಂದ ಕಟ್ಟಿಗೆಯ ತೊಲೆಯನ್ನು ತೂರಿಸಿದರು. ಒಮ್ಮೆ ಮೇಲಿನ ವರಸೆಯಿಂದ ಹಿಡಿ ಮಣ್ಣು ಉದುರಿತು. ಆಳುಗಳು ಹಾರೆ ನಿಲ್ಲಿಸಿ ಮೇಲೆ ನೋಡಿದರು. ಬೇರೇನೂ ಆಗಲಿಲ್ಲ. ಕಲ್ಲನ್ನು ಹಗ್ಗ ಕಟ್ಟಿ, ಮೆಟ್ಟಿಲ ಮೇಲೆ ಹಲಗೆ ಹಾಸಿ, ಉರುಳುಗಟ್ಟಿಗೆಯ ಮೇಲೆ ಎಳೆದಾಗ ಹುಡುಗರೂ ಹಗ್ಗ ಹಿಡಿದರು. ಕಲ್ಲು ಮೇಲೆ ಬಂದಾಗ ಕೇಕೆ ಹಾಕಿದರು. ನಾನೂ ಹಾಕಿದೆ.

ಕಲಬುರಗಿಗೆ ಬಂದ ಮೇಲೆ ಮೇಸ್ತ್ರಿ ಹೊಸ ತೊಲೆ ಕಡಿಸಲು ಹೊರಟಿದ್ದ. ಗುಮ್ಮಟದ ನಡುವೆ ಶಾಸನ ನಿಲ್ಲಿಸಲು ಕಟ್ಟೆ ಬೇಕಿತ್ತು. ಅದನ್ನು ಮೊದಲು ಮುಗಿಸು ಎಂದು ಅವನನ್ನು ತಡೆದವನು ನಾನೇ. ತಪಾಸಣೆಗೆ ಉಳಿದಿದ್ದ ನಾಲ್ಕು ದಿನ ಅದರಲ್ಲಿ ಹೋಯಿತು.

ತಪಾಸಣೆ ಚೆನ್ನಾಗಿ ನಡೆಯಿತು. ದೊಡ್ಡ ಅಧಿಕಾರಿಯ ಮುಂದೆ ಕಮಲಾಪುರದ ಹುಡುಗ ಆ ಕಲ್ಲಿನ ಮೇಲೆ ಕಾಗದ ಹಾಸಿ, ಅಂಗೈಯಿಂದ ಬಡಿದು, ಮಸಿ ತಟ್ಟಿ, ಹಾಳೆ ಎತ್ತಿ ತೋರಿಸಿದ. ಅವರು ಅವನ ಬೆನ್ನು ತಟ್ಟಿದರು. ಸಾಹೇಬರು ನನ್ನ ಕಡೆ ನೋಡಿ ತಲೆದೂಗಿದರು. ಹುಡುಗ ಅದೇ ದಿನ ಊರಿಗೆ ಹೊರಟ. ರಜೆಯಲ್ಲಿ ಇನ್ನು ಕೆಲವೇ ದಿನ ಉಳಿದಿದ್ದವು.

ನಾಲ್ಕನೆಯ ದಿನ ಬೆಳಗ್ಗೆ ಕಿರಾಣಿ ಅಂಗಡಿಯವರ ಹುಡುಗ ಓಡಿ ಬಂದ. ಅವನ ಅಂಗಡಿಗೆ ಕಮಲಾಪುರದ ಬಂಡಿಗಳು ಬರುತ್ತಿದ್ದವು.

"ಮಾಸ್ತರ, ಬಾಂವಿ ಬಿತ್ತಂತ್ರೀ. ಬಾಗಿಲ ಮ್ಯಾಲಿನ ಗ್ವಾಡಿ. ಅವರಪ್ಪ ಹೂಳು ತೆಗಿಲಾಕ ಇಳದಿದ್ನಂತ."

"ಈಗ ಹ್ಯಾಂಗ ಅದಾನ?"

ಅವನು ತಲೆಯಲ್ಲಾಡಿಸಿದ. "ನಿನ್ನಿ ಮಣ್ಣು ಮಾಡಿದ್ರಂತ್ರೀ."

ನಾನು ಅವತ್ತು ಕಮಲಾಪುರಕ್ಕೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೈಯಲ್ಲಿ ಹುಷಾರಿಲ್ಲವೆಂದು ಮನೆಯಲ್ಲಿ ಮಲಗಿದ್ದೆ. ಮೂರನೆಯ ದಿನ ಸಾಹೇಬರು ಹೇಳಿ ಕಳಿಸಿದರು.

ಅವರ ಮುಖ ಬಾಡಿತ್ತು. ತಹಸೀಲ ಕಚೇರಿಯಿಂದ ವಿವರ ಕೇಳಿ ಕಾಗದ ಬಂದಿತ್ತು. ಅವರು ಆಗಲೇ ಉತ್ತರದ ಕರಡು ಬರೆದಿದ್ದರು, ಓದಿ ಹೇಳಿದರು. ಬಾವಿ ಬಹಳ ಹಳೆಯದು, ನೀರಿನ ಹೊಡೆತಕ್ಕೆ ಗೋಡೆ ಸಡಿಲವಾಗಿತ್ತು. ಶಾಸನ ಮೆಟ್ಟಿಲ ಬದಿಗೆ ಬಿಡಿಯಾಗಿ ಬಿದ್ದಿದ್ದು, ತೋಟದ ಮಾಲೀಕನ ಮಗ ತಾನಾಗಿ ತೋರಿಸಿ, ಮಾಲೀಕ ಒಪ್ಪಿ ಕೊಟ್ಟದ್ದು. ಇದಕ್ಕೆ ಹೊಂದುವ ನಕ್ಷೆಯೊಂದು ಬೇಕಿತ್ತು.

"ಹಳೆಯ ನಕ್ಷೆ ನನ್ನ ಹತ್ತಿರವೇ ಇದೆ ಹುಜೂರ್" ಎಂದೆ.

"ಅದನ್ನು ಯಾರೂ ನೋಡಿಲ್ಲ. ಹೊಸದು ಬರೆ." ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾನು ತರಲು ಹೇಳಿದೆ, ನೀನು ತೆಗೆಸಿದೆ. ನಮ್ಮಿಬ್ಬರ ಹೆಸರು ಬಂದರೆ ಈ ಅಜಾಯಬಖಾನಾಕ್ಕೆ ಬೀಗ ಬೀಳುತ್ತದೆ. ಸತ್ತವನು ಎದ್ದು ಬರುತ್ತಾನೆಯೇ?"

ನಾನು ನನ್ನ ಮೇಜಿಗೆ ಬಂದು ಹೊಸ ಹಾಳೆ ಹಾಸಿದೆ. ಇದನ್ನು ಮುಚ್ಚಿಡಲಾರೆ: ನಾನು ಬರೆಯಲು ಶುರುಮಾಡಿದೆ. ಮೆಟ್ಟಿಲು ಬಂತು, ಬಾಗಿಲು ಬಂತು, ಬಾಗಿಲಿನ ಮೇಲೆ ಒಂದು ಸಾದಾ ಕಟ್ಟಿಗೆಯ ತೊಲೆ ಬಂತು, ಅದು ನೂರು ವರ್ಷದಿಂದ ಅಲ್ಲೇ ಇದ್ದಂತೆ. ಮೆಟ್ಟಿಲ ಬದಿಗೆ ನೆಲದ ಮೇಲೆ ಮಲಗಿದ ಒಂದು ಕಲ್ಲು. ಪೆನ್ಸಿಲಿನ ಗೆರೆ ಎಲ್ಲೂ ನಡುಗಲಿಲ್ಲ. ಇನ್ನು ಮಸಿ ತುಂಬುವುದಷ್ಟೇ ಬಾಕಿ.

ಆಗ ಹುಡುಗರು ನಾಲ್ವರು ಬಂದು ಬಾಗಿಲಲ್ಲಿ ನಿಂತರು. ಕಮಲಾಪುರಕ್ಕೆ ಹೋಗಿ ಬಂದಿದ್ದರು. ಕಾಲೆಲ್ಲ ಧೂಳು.

"ಅಂವ ಮಾತಾಡವಲ್ಲ ಮಾಸ್ತರ" ಎಂದ ಅಂಗಡಿಯವರ ಹುಡುಗ. "ಉಣ್ಣವಲ್ಲ. ಸುಮ್ಕ ಗ್ವಾಡಿಗಿ ಮುಖಾ ಮಾಡಿ ಕುಂತಾನ. ಆ ದಿನ ಒಂದs ಮಾತು ಅಂದಾನಂತ, ಕಲ್ಲು ನಾ ತೋರ್ಸಿದೆ, ನಾನs ಕೊಂದೆ ಅಂತ. ಆಮ್ಯಾಲ ಸೊಲ್ಲs ಇಲ್ಲ. ಅವರಜ್ಜಿ ಅಳಾಕತ್ತಾಳ. ನೀವು ಬಂದು ಒಂದು ಮಾತು ಹೇಳ್ರಿ."

"ನಾ ಏನ್ ಹೇಳ್ಲೋ?"

"ಏನರೆ ಹೇಳ್ರಿ. ನೀವು ಹೇಳಿದ್ರ ಕೇಳ್ತಾನ."

ಅವರು ಹೋದ ಮೇಲೆ ಮೇಜಿನ ಮೇಲಿನ ಹಾಳೆಯನ್ನು ನೋಡಿದೆ. ಮಾಲೀಕನ ಮಗ ತಾನಾಗಿ ತೋರಿಸಿ. ಸಾಹೇಬರ ಕರಡಿನ ಆ ಮಾತೂ ನನ್ನ ಸುಳ್ಳು ನಕ್ಷೆಯೂ ಒಂದೇ ಲಕೋಟೆಯಲ್ಲಿ ಸರ್ಕಾರದ ದಫ್ತರಕ್ಕೆ ಹೋಗುತ್ತವೆ. ಹದಿನಾರರ ಹುಡುಗ ತನ್ನ ಬಗ್ಗೆ ತಾನು ಹೇಳಿಕೊಂಡದ್ದಕ್ಕೆ ಮೊಹರು ಬಿದ್ದಂತಾಗುತ್ತದೆ. ಅವನಿಗೆ ನಾನು ಯಾವ ಸಮಾಧಾನ ಹೇಳಿದರೂ ಅದರಿಂದ ಉಪಯೋಗವಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದರೆ, ಹಾಗಾದರೆ ಯಾರದು ಎಂದು ಕೇಳುತ್ತಾನೆ. ಕೇಳದಿದ್ದರೆ ಇನ್ನೂ ಕೆಟ್ಟದ್ದು.

ಪೆಟ್ಟಿಗೆಯಿಂದ ಹಳೆಯ ನಕ್ಷೆ ತೆಗೆದೆ. ಅದರ ಇನ್ನೊಂದು ಪ್ರತಿಯನ್ನು, ಅಂಚಿನ ಬರಹದ ಸಮೇತ, ಅವತ್ತೇ ಎಳೆದು ಮುಗಿಸಿದೆ. ಒಂದು ಪುಟ ಹೇಳಿಕೆ ಬರೆದೆ. ತೊಲೆಯ ಮೇಲೆ ಭಾರವಿದ್ದುದು ನನಗೆ ಗೊತ್ತಿತ್ತು. ಕಲ್ಲಿನ ತೊಲೆ ಬರುವವರೆಗೆ ಕಾಯಬೇಕೆಂದು ಮೇಸ್ತ್ರಿ ಹೇಳಿದ್ದ. ಹಸಿ ಜಾಲಿಯ ತೊಲೆ ಹಾಕಿಸಿದವನು ನಾನು, ಹೊಸ ತೊಲೆಯನ್ನು ತಡಮಾಡಿದವನೂ ನಾನು. ಸಾಹೇಬರು ಕಲ್ಲು ತರಲು ಹೇಳಿದ್ದರು, ಬೇರೆ ತೊಲೆ ಹಾಕಿಸಬೇಕೆಂದೂ ಹೇಳಿದ್ದರು. ಅದನ್ನೂ ಬರೆದೆ. ಪ್ರತಿಯನ್ನೂ ಹೇಳಿಕೆಯನ್ನೂ ತಹಸೀಲ ಕಚೇರಿಯಲ್ಲಿ ನಾನೇ ಕೊಟ್ಟು ಬಂದೆ. ಆಮೇಲೆ ಸಾಹೇಬರ ಮುಂದೆ ನಿಂತು ಹೇಳಿದೆ. ಅವರು ಬೈಯಲಿಲ್ಲ. "ಹೋಗು" ಎಂದರು, ಅಷ್ಟೇ. ವಾರದೊಳಗೆ ನನ್ನನ್ನು ಅಮಾನತು ಮಾಡಿದರು. ಮುಂದೆ ಬೇರೆ ಜಿಲ್ಲೆಯ ಸರಂಜಾಮಿನ ಕೋಠಿಗೆ, ಸಾಮಾನಿನ ಲೆಕ್ಕ ಬರೆಯಲು, ಹಾಕಿದರು, ನಕ್ಷೆಯ ಕೆಲಸ ಮತ್ತೆ ಕೊಡಲಿಲ್ಲ. ಹುಡುಗರ ತರಗತಿ ಆ ವರ್ಷಕ್ಕೇ ನಿಂತಿತು. ಸರ್ಕಾರದಿಂದ ಬಾವಿಯ ಗೋಡೆ ಕಟ್ಟಿಸಿಕೊಡಲು ಎರಡು ವರ್ಷ ಹಿಡಿಯಿತೆಂದು ಕೇಳಿದೆ. ಅಷ್ಟರಲ್ಲಿ ಬಾಳೆ ಉಳಿದಿರಲಿಲ್ಲ.

ತಹಸೀಲ ಕಚೇರಿಗೆ ಕೊಟ್ಟ ಮರುದಿನ ಕಮಲಾಪುರಕ್ಕೆ ಹೊರಟೆ. ಒಬ್ಬನೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ, ಜೋಡಿಸಿದ್ದೆಲ್ಲ ನನ್ನನ್ನು ಕಾಪಾಡಿಕೊಳ್ಳುವ ಮಾತೇ ಆಗುತ್ತಿತ್ತು. ಮಹಾಗಾಂವ ದಾಟಿದ ಮೇಲೆ ಜೋಡಿಸುವುದನ್ನು ಬಿಟ್ಟೆ.

ಅಜ್ಜಿ ಹೊರಗೆ ಜೋಳ ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದು ಸೆರಗು ಸರಿಮಾಡಿಕೊಂಡು, "ಬರ್ರಿ" ಎಂದಳು. ಆ ಒಂದು ಮಾತನ್ನು ಕೇಳಿಸಿಕೊಂಡು ನಿಲ್ಲುವುದು ಕಷ್ಟವಾಯಿತು. ಹುಡುಗ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ತಲೆ ಬೋಳಿಸಿದ್ದರು, ಕಿವಿಗಳು ದೊಡ್ಡದಾಗಿ ಕಂಡವು. ನಾನು ಅವನ ಪಕ್ಕ ನೆಲದ ಮೇಲೆ ಕೂತು ಹಳೆಯ ನಕ್ಷೆಯನ್ನು ಅವನ ಮುಂದೆ ಬಿಚ್ಚಿದೆ.

"ಇದನ್ನ ನೋಡು. ನೀ ಪಟ್ಟಿ ಹಿಡಿದಿದ್ದಿ, ನಾ ಬರದಿದ್ದೆ. ಕಲ್ಲು ತೆಗಿಯೂಕಿಂತ ಮೊದಲ ಬರದದ್ದು ಇದು. ಈ ಅಂಚಿನ್ಯಾಗಿಂದು ಓದು."

ಅವನು ಅಲುಗಲಿಲ್ಲ. ನಾನೇ ಓದಿ ಹೇಳಿದೆ. ಮೇಸ್ತ್ರಿ ಹೇಳಿದ್ದನ್ನು ಹೇಳಿದೆ, ಅದಕ್ಕೆ ನಾನು ಹೇಳಿದ್ದನ್ನು ಹೇಳಿದೆ. ಹೊಸ ತೊಲೆಯ ಬದಲು ಗುಮ್ಮಟದ ಕಟ್ಟೆ ಕಟ್ಟಿಸಿದ್ದನ್ನು ಹೇಳಿದೆ. "ನಿಮ್ಮಪ್ಪ ಕೇಳಿದ. ಏನೂ ಆಗಂಗಿಲ್ಲ ಅಂತ ನಾ ಅಂದೆ. ನನಗ ಗೊತ್ತಿದ್ದೂ ಅಂದೆ. ನೀ ಬರೇ ಒಂದು ಕಲ್ಲು ತೋರ್ಸಿದಿ. ಅದರಾಗ ತಪ್ಪಿಲ್ಲ. ಕೊಂದಿದ್ದು ನೀ ಅಲ್ಲ."

ಅವನು ಕೈ ಚಾಚಿ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡ. ತೊಲೆಗಲ್ಲಿನ ಮೇಲೆ ಬೆರಳಿಟ್ಟ, ಅದರ ಮೇಲಿನ ಆರು ವರಸೆಗಳನ್ನು ಒಂದೊಂದಾಗಿ ಎಣಿಸಿದ. ಅಂಚಿನ ಸಾಲಿಗೆ ಬಂದ. ಕನ್ನಡ ಅಕ್ಷರ ಅವನಿಗೆ ಇನ್ನೂ ನಿಧಾನ, ತುಟಿ ಅಲುಗಿಸುತ್ತ ಓದಿದ. ಎರಡು ಸಲ ಓದಿದ. ತಲೆ ಎತ್ತಿದಾಗ ಮೊದಲ ಬಾರಿಗೆ ನನ್ನ ಕಣ್ಣಿನಲ್ಲಿ ಕಣ್ಣಿಟ್ಟ.

"ನಿಮಗ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ಗೊತ್ತಿತ್ತು ನಿಮಗ!" ದನಿ ಒಡೆದು ಏರಿತು. ಎದ್ದು ನಿಂತ. "ನಮ್ಮಪ್ಪ ನಿಮ್ಮನ್ನ ಕೇಳಿದ್ನಲ್ಲ! ನಿಮ್ಮನ್ನ ಕೇಳಿದ! ಬಾಳಿಹಣ್ಣು ಕೊಟ್ಟ ನಿಮಗ..." ಆಮೇಲೆ ಅವನ ಬಾಯಿಂದ ಬೈಗುಳ ಬಂದವು. ಒಬ್ಬ ವಿದ್ಯಾರ್ಥಿ ಮಾಸ್ತರನಿಗೆ ಆಡುವ ಮಾತಲ್ಲ, ಸಂತೆಯಲ್ಲಿ ಗಂಡಸರು ಹೊಡೆದಾಡುವಾಗ ಆಡುವ ಮಾತು. ನನ್ನ ತಾಯಿಯ ಮೇಲೆ, ನನ್ನ ಮಕ್ಕಳ ಮೇಲೆ, ನನ್ನ ಕೈಗಳ ಮೇಲೆ.

ಅಜ್ಜಿ ಓಡಿ ಒಳಗೆ ಬಂದಳು. ಮೊಮ್ಮಗನ ಬಾಯಿ ಮುಚ್ಚಿಸಲು ಬಂದಳೆಂದುಕೊಂಡೆ. ಅವಳು ಅವನನ್ನು ಮುಟ್ಟಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತು, "ಮಾತಾಡಿದ್ನವ್ವ... ನನ್ನ ಕೂಸು ಮಾತಾಡಿತು" ಎಂದು ಅಳತೊಡಗಿದಳು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಳ್ಳದೆಯೇ, "ನೀವು ಏಳಬ್ಯಾಡ್ರಿ. ಅಂವ ಮುಗಿಸೂತನಕಾ ಏಳಬ್ಯಾಡ್ರಿ" ಎಂದಳು.

ನಾನು ಏಳಲಿಲ್ಲ.